ಬಸ್ಸಿನಿಂದ ಕಂಡ ಮನೆ

ಸಾರ್ಜೆಂಟ್ ಪಳಂಗಪ್ಪನವರು ನಕ್ಷೆ ಬರೆದು ತಂದದ್ದು
ಗೊಬ್ಬರದಂಗಡಿ ರಸೀದಿಯ ಬೆನ್ನಿನ ಮೇಲೆ.
ಒಂದು ಕಿಟಕಿ. ಇನ್ನೊಂದು ರಸೀದಿ ಕೊಟ್ಟರು,
ಅಲ್ಲೂ ಕಿಟಕಿಯೇ: ನೆತ್ತಿಗೆ ಅರ್ಧ ಸೂರ್ಯ,
ಕೊಕ್ಕಿಗೆ ಕೊಕ್ಕು ತಾಗಿಸಿದ ಎರಡು ಹಕ್ಕಿ,
ಕೆಳಗೆ ಹಲಗೆಯಲ್ಲೇ ಹೆಣೆದ ಲೇಸು.
"ಗೋಡೆ ಎಲ್ಲಿ ಸಾರ್?"
"ಬರ್ತದೆ ತಮ್ಮಯ್ಯ, ಬರ್ತದೆ."

ಇರ್ಕುಟ್ಸ್ಕ್ ಅಂತ ಊರು. ವಿಮಾನದ ಕಾರ್ಖಾನೆ.
ಹದಿನಾಲ್ಕು ತಿಂಗಳು ಅಲ್ಲಿ ಸ್ಪ್ಯಾನರ್ ಹಿಡಿದಿದ್ದರಂತೆ.
ಮರದ ಮನೆಗಳು ತಮ್ಮ ಭಾರಕ್ಕೆ ತಾವೇ ಮಣ್ಣಿಗಿಳಿದು
ಕಿಟಕಿಯ ದಂಡೆ, ದಾರಿಯಲ್ಲಿ ಹೋಗುವವರ
ಮೊಣಕಾಲಿಗೆ ಬಂದಿತ್ತಂತೆ.

ಅಂಥದೊಂದು ಬೇಕು, ಹುದಿಕೇರಿಯಲ್ಲಿ,
ಕಾಫಿ ಕಣದ ಮಗ್ಗುಲಿಗೆ, ಒಂದೇ ಕೋಣೆ.
ಮರ ಯಾವುದು? ಸಿಲ್ವರ್ ಓಕ್.
ನನ್ನ ಅಪ್ಪ ಐನ್‌ಮನೆಗಳಿಗೆ ಕಂಬ ಕಡೆದ ಐರಿ,
ಈ ಮರದ ಹೆಸರೆತ್ತಿದರೆ ಎಲೆಯಡಿಕೆ ಉಗುಳುತ್ತಿದ್ದ.
"ಗೆದ್ದಲಿಗೆ ಹುತ್ತರಿ ಊಟ ಸಾರ್" ಅಂದೆ.
"ನಮ್ಮ ತೋಟದಲ್ಲಿ ನೆಟ್ಟಗಿರೋದು ಅದೊಂದೇ" ಅಂದರು.

ಗರಗಸ ಮುಟ್ಟಬೇಡ ಅಂದರು. ಕೊಡಲಿ ಮಾತ್ರ.
ಗರಗಸ ಮರದ ಬಾಯಿ ತೆರೆಸುತ್ತದೆ, ಅದು ನೀರು ಕುಡಿಯುತ್ತದೆ;
ಕೊಡಲಿಯೇಟಿಗೆ ಮರ ತುಟಿ ಬಿಗಿಯುತ್ತದೆ.
ಇದನ್ನು ಅಪ್ಪನೂ ಹೇಳುತ್ತಿದ್ದ.
ಅವತ್ತಿನಿಂದ ನಾನು ಮುಖ ಸಿಂಡರಿಸಲಿಲ್ಲ.

ದಿಮ್ಮಿಯ ಮೇಲೆ ದಿಮ್ಮಿ. ಮೂಲೆಯಲ್ಲಿ ಒಂದಕ್ಕೊಂದು ಕಚ್ಚು.
ಒಂದು ಮೊಳೆಯೂ ಇಲ್ಲ. ಸಂದಿಗೆ ಪಾಚಿ.
ನೆರಳು ಮರಗಳಿಂದ ಕೆರೆದು ಕೆರೆದು ಬುಟ್ಟಿಗೆ ತುಂಬಿದಳು ಚೋಂದಿ.
"ಹಣ್ಣು ಕೊಯ್ಯೋ ಕಾಲದಲ್ಲಿ ಪಾಚಿ ಕೊಯ್ಯೋಕೆ ಸಂಬಳ!"
ಅವಳು ನಕ್ಕದ್ದು ಗದ್ದೆಯಾಚೆಗೂ ಕೇಳಿತು.

ಆ ಮನೆಗಳ ಒಲೆಯಡಿ ಒಬ್ಬ ಮುದುಕ ಇರುತ್ತಾನಂತೆ,
ಕಾಣದವನು. ಮನೆ ಬದಲಿಸುವಾಗ
ಹಳೆ ಒಲೆಯ ಕೆಂಡ ಗಡಿಗೆಯಲ್ಲಿ ಹೊತ್ತು
"ತಾತ, ನಮ್ಮ ಜೊತೆ ಬಾ" ಅಂತ ಕರೀಬೇಕಂತೆ.
ಗಂಜಿ ಇಟ್ಟರೆ ಸಾಕು, ಸುಮ್ಮನಿರುತ್ತಾನೆ.
"ನಮ್ಮ ಕಾರಣವರು ಅಷ್ಟಕ್ಕೆ ಏಳೋದಿಲ್ಲ ಸಾರ್,
ಕೋಳಿ ಬೇಕು, ಸಾರಾಯಿ ಬೇಕು."
"ಅಲ್ಲಿ ಚಳಿ" ಅಂದರು, "ಸಿಕ್ಕಿದ್ದು ತಿಂತಾರೆ."

ಗೋಡೆ ಎದೆಮಟ್ಟಕ್ಕೆ ಬಂದ ದಿನ ಕೇಳಿದೆ:
ಒಳಗೆ ಹೇಗಿತ್ತು? ಮಂಚ ಎಲ್ಲಿ? ದೀಪ ಯಾವ ಮೂಲೆಗೆ?
ಅವರು ಬೆರಳಲ್ಲಿ ಕಚ್ಚಿನ ಅಂಚು ಸವರಿದರು, ಬಹಳ ಹೊತ್ತು.
"ಒಳಗೆ ಹೋಗಿಲ್ಲ ತಮ್ಮಯ್ಯ."

ಹಾಸ್ಟೆಲಿನಿಂದ ಕಾರ್ಖಾನೆಗೆ ಬಸ್ಸು,
ಕಾರ್ಖಾನೆಯಿಂದ ಹಾಸ್ಟೆಲಿಗೆ ಬಸ್ಸು.
ಒಮ್ಮೆ ಒಬ್ಬಾಕೆ ಒಳಗಿನಿಂದ ಗಾಜಿನ ಮಂಜು ಒರೆಸಿ
ಇವರನ್ನು ನೋಡಿದಳಂತೆ. ಅಷ್ಟೇ.
ಕುಲುಮೆಯಷ್ಟು ದೊಡ್ಡ ಒಲೆ, ಅದರ ಮೇಲೆ ಮಲಗುವ ಅಜ್ಜಿ,
ಎಲ್ಲ ದುಭಾಷಿ ಹೇಳಿದ ಮಾತು.

ಹಾಗಾಗಿ ಒಳಗು ನನ್ನದು.
ಬಾಗಿಲು ತಗ್ಗು, ಬಂದವರು ತಲೆ ಬಾಗಲಿ.
ನೈಋತ್ಯಕ್ಕೆ ಹಲಸಿನದೊಂದು ಕಂಬ ನಿಲ್ಲಿಸಿದೆ.
ಅದು ಸೂರು ಹೊರುವುದಿಲ್ಲ. ದಿಮ್ಮಿಗಳಿಗೆ ಅದು ಬೇಕಿಲ್ಲ.
ಕನ್ನಿಕಂಬ ಇಲ್ಲದ ಕೋಣೆಯಲ್ಲಿ ನನಗೆ ಉಸಿರು ನಿಲ್ಲದು,
ದೀಪ ತೂಗಲಿಕ್ಕಾದರೂ ಇರಲಿ.

ಕಿಟಕಿ ಕೂರಿಸಿದ್ದು ಜನವರಿಯಲ್ಲಿ.
ಹಕ್ಕಿಗಳು ಹಕ್ಕಿಯಂತಿರಲಿಲ್ಲ; ಒಂದು ತುಸು ಕೋಳಿ.
ಅವರು ಏನೂ ಅನ್ನಲಿಲ್ಲ.
"ಒಳಗೆ ಹೋಗು. ಗಾಜು ಒರೆಸು. ನೋಡು" ಅಂದರು.

ಗಾಜಿಗೆ ಹತ್ತಿದ್ದು ಮರದ ಹೊಟ್ಟು. ಅಂಗೈಯಲ್ಲಿ ಒರೆಸಿದೆ.
ಹೊರಗೆ ಕಣದಲ್ಲಿ ಹಣ್ಣು ಹರವಿತ್ತು,
ಅದರ ಅಂಚಿನಲ್ಲಿ ಪಳಂಗಪ್ಪನವರು ನಡೆದು ಹೋದರು,
ಮಫ್ಲರ್ ಸುತ್ತಿ, ಕೈ ಜೇಬಿನಲ್ಲಿಟ್ಟು, ನನ್ನ ಕಡೆ ಕತ್ತು ತಿರುಗಿಸಿ.
ಮತ್ತೆ ಆ ತುದಿಯಿಂದ ಬಂದರು.
ಮತ್ತೆ.

"ಒಳಗೆ ಬನ್ನಿ ಸಾರ್, ಬಾಗಿಲು ತೆಗೆದೇ ಇದೆ" ಕೂಗಿದೆ.

ನಿಂತರು. ಕೈ ಗಡಿಯಾರ ನೋಡಿಕೊಂಡರು.
"ಬಸ್ಸು ಇಲ್ಲಿ ನಿಲ್ಲೋದಿಲ್ಲ" ಅಂದರು,
ನಕ್ಕರೋ ಇಲ್ಲವೋ, ಮಫ್ಲರ್ ಅಡ್ಡ ಇತ್ತು.