ಬ್ಲ್ಯಾಡರಿನ ಲೆಕ್ಕ

ಶಹಾಪುರದ ನಮ್ಮ ಓಣಿಯ ಕ್ಲಬ್ಬಿಗೆ
ಹೆಸರು ಮಾತ್ರ ದೊಡ್ಡದು: ವಿಜಯೀ ಇಲೆವೆನ್.
ಆಸ್ತಿ ಅಂದರೆ ಒಂದು ಚೆಂಡು, ಒಂದು ಸೀಟಿ,
ಕೆಂಪು ರಟ್ಟಿನ ಖಾತೆ ಪುಸ್ತಕ.
ಚೆಂಡು ಹೊಲಿಯುವವನೂ ಚಂದಾ ಎತ್ತುವವನೂ
ನಮ್ಮಪ್ಪ, ಸಮಗಾರರ ಹುಲಗಪ್ಪ.
ಮೂರನೇ ಇಯತ್ತೆಗೇ ನಿಂತ ಅಕ್ಷರ.

ನಲವತ್ತೊಂದರ ಮಳೆಗಾಲದ ಪುಟದಲ್ಲಿ
ಹನ್ನೊಂದು ಹೆಸರು, ಎಲ್ಲರ ಮುಂದೆ ಎರಡಾಣೆ.
ಆಮೇಲೆ ಬರೀ ಇಂಥವು:
ದಸ್ತಗೀರ, ಲೆಫ್ಟ್ ಔಟ್. ಪಲಟಣ, ಲಾರಿ.
ಇನಾಸ ಪಿಂಟೊ, ಗೋಲಿ. ಮುಂಬೈ, ಹಡಗಿನ ಕೆಲಸ.
ಬಾಳೇಶ, ಬ್ಯಾಕ್. ಪಲಟಣ.
ಚೆನಮಲ್ಲ, ಬ್ಯಾಕ್. ಹಿಂಡಲಗಾ ಜೇಲು.

ಒಂದೇ ಹೊಟ್ಟೆಯ ಇಬ್ಬರು.
ಅಣ್ಣ ಸರಕಾರದ ಬಂದೂಕು ಹೊತ್ತ,
ತಮ್ಮ ಸರಕಾರದ ಕಂಬಿ ಎಣಿಸಿದ.
ನೀಲವ್ವ ತಿಂಗಳಾ ಬಂದು ಇಬ್ಬರದೂ ಕಟ್ಟುತ್ತಿದ್ದಳು,
"ಆಡಾಕ ಬಂದಾಗ ಬಾಕಿ ಐತಿ ಅನಬ್ಯಾಡೋ ಹುಲಗಾ."

ಮೈದಾನದ ತುಂಬ ದಂಡಿನ ಡೇರೆ ಬಿದ್ದವು.
ಗೋಲಿನ ಕಂಬ ಯಾರ ಬಚ್ಚಲೊಲೆಗೆ ಹೋದವೋ,
ಗೊತ್ತಿದ್ದವರು ಇವತ್ತಿಗೂ ಹೇಳುವುದಿಲ್ಲ.
ರಬ್ಬರು ಯುದ್ಧಕ್ಕೆ ಹೋಯಿತು.
ಕೊಲ್ಲಾಪುರದಲ್ಲೂ ಬ್ಲ್ಯಾಡರ್ ಇಲ್ಲ.
ಸೈಕಲ್ ಟ್ಯೂಬಿನ ತೇಪೆಗೆ ತೇಪೆ, ತೇಪೆಗೆ ತೇಪೆ,
ಕೊನೆಗೆ ಅಪ್ಪ ಮಗ್ಗದ ಮನೆಗಳಿಂದ
ನೂಲಿನ ಕಸ ತಂದು ಚೆಂಡಿಗೆ ತುರುಕಿದ.
ಒದ್ದರೆ ಧಪ್ ಅನ್ನುತ್ತಿತ್ತು,
ಬಿದ್ದಲ್ಲೇ ಕೂತುಬಿಡುತ್ತಿತ್ತು, ಮುನಿದ ಎಮ್ಮೆಯ ಹಾಗೆ.

ಉಳಿದವರು ನಾಲ್ಕು ಮಂದಿ.
ಎರಡು ಕಲ್ಲಿನ ನಡುವೆ ನಾನು,
ಹತ್ತು ವರ್ಷದವಳು, ಲಂಗ ಮೇಲೆತ್ತಿ ಸಿಕ್ಕಿಸಿಕೊಂಡು.
ಐದು ವರ್ಷ ಗೋಲು ಕಾದೆ.
ಚಂದಾ ಕೊಟ್ಟಿಲ್ಲವಲ್ಲ, ಪುಸ್ತಕದಲ್ಲಿ ಹೆಸರಿಲ್ಲ.

ನಲವತ್ತಾರರ ಬೇಸಿಗೆ ದಸ್ತಗೀರ ಬಂದ.
ಹಾಸಿಗೆ ಸುರುಳಿ ಬಿಚ್ಚಿದರೆ ಒಳಗೆ
ಬ್ರಹ್ಮದೇಶದ ಕೆಸರು ಒಣಗಿದ
ಲಾರಿ ಟ್ಯೂಬಿನ ಒಂದು ತುಂಡು.
"ಹುಲಗಣ್ಣಾ, ಇದರಾಗ ಎಷ್ಟ ಬ್ಲ್ಯಾಡರ್ ಆಗತಾವು?"
ಅಪ್ಪ ಟ್ಯೂಬು ನೋಡಲಿಲ್ಲ, ಅವನ ಕಾಲು ನೋಡಿದ.
ಎಡಗಾಲಲ್ಲಿ ಮೂರು ಬೆರಳಿರಲಿಲ್ಲ.
ಮರುದಿನ ಅವನು ಕಲ್ಲುಗಳ ನಡುವೆ ಬಂದು ನಿಂತ,
"ಸರಿಯವ್ವ, ಇನ್ನ ಇದು ನನ್ನ ಜಾಗಾ."
ಸರಿದೆ. ಮನೆಗೆ ಬಂದು ಮೂರು ದಿನ
ಯಾರ ಸಂಗಡವೂ ಮಾತಾಡಲಿಲ್ಲ.

ಮೊದಲ ಮ್ಯಾಚು ಟಿಳಕವಾಡಿಯವರ ಮೇಲೆ.
ಒಂಬತ್ತು ಗೋಲು ತಿಂದೆವು.
ಪುಟಿಯುವ ಚೆಂಡು ನಮ್ಮವರಿಗೆ ಮರೆತೇ ಹೋಗಿತ್ತು:
ಚೆಂಡು ತಲೆಯ ಮೇಲೆ, ಇವರು ನೆಲ ನೋಡುತ್ತಾ
ಎಲ್ಲಿ ಹೋಯಿತೆಂದು ಹುಡುಕುತ್ತಿದ್ದರು.
ನಕ್ಕವರಲ್ಲಿ ನಾನೂ ಇದ್ದೆ.
ಮೊದಲು ನಕ್ಕವನು ಚೆನಮಲ್ಲ,
ಜೇಲಿನಿಂದ ಬಂದ ಮೇಲೆ ಅವತ್ತೇ ಹಲ್ಲು ಕಂಡದ್ದು.
ಗೆದ್ದವರಿಗಿಂತ ಮುಂಚೆ ನಾವೇ ಕುಂದಾ ಹಂಚಿದೆವು.

ಕಪ್ಪು ಬರಲು ಇನ್ನೂ ನಾಲ್ಕು ವರ್ಷ ಬೇಕಾಯಿತು.
ಗಿಂಡಿಯಷ್ಟೇ ಇತ್ತು. ಅದರ ಮಾತು ಬೇಡ.

ಪುಸ್ತಕ ಈಗ ನನ್ನ ಹತ್ತಿರ ಇದೆ.
ಬಾಳೇಶನ ಹೆಸರಿನ ಮುಂದೆ "ಹೊಳೆ" ಅಂತಷ್ಟೇ ಇದೆ,
ಇಟಲಿಯ ಆ ಹೊಳೆಯ ಹೆಸರು
ಅಪ್ಪನ ಅಕ್ಷರಕ್ಕೆ ನಿಲುಕಲಿಲ್ಲ.
ಆದರೆ ಅವನ ಎರಡಾಣೆ ನಿಂತಿಲ್ಲ:
ನಲವತ್ತೇಳು, ನಲವತ್ತೆಂಟು, ಐವತ್ತೆರಡರ ಶ್ರಾವಣದವರೆಗೂ
ನೀಲವ್ವ ತಂದಳು, ಅಪ್ಪ ತಗೊಂಡ.
ಬ್ಯಾಡ ಅನ್ನುವ ಧೈರ್ಯ ಯಾರಿಗಿತ್ತು?
ಪಕ್ಕದ ಖರ್ಚಿನ ಸಾಲಿನಲ್ಲಿ ಪ್ರತಿ ತಿಂಗಳೂ
ಅದೇ ಎರಡಾಣೆ,
ಅದೇ ಒಂದು ಮಾತು: ದಾರಕ್ಕೆ.