ಎಡಗಡೆಯ ಕೆಂಪು

ಡೈರಿಯ ಲ್ಯಾಬಿನಲ್ಲಿ ನಾನು ದಿನವಿಡೀ ಜಿಡ್ಡು ಅಳೆಯುವವಳು.
ಸಂಜೆ ಮನೆಗೆ ಬಂದರೆ ಮತ್ತೆ ಜಿಡ್ಡು.
ಇದು ಸೋಪಿಗೆ ಹೋಗುವುದಿಲ್ಲ,
ಸಕ್ಕರೆ, ಸೀಮೆಎಣ್ಣೆ ಹಚ್ಚಿ ಉಜ್ಜಬೇಕು.

ತೊಂಬತ್ತೊಂಬತ್ತರ ಲ್ಯಾನ್ಸರ್.
ಕ್ಯೂರಿಂಗ್ ವರ್ಕ್ಸಿನ ಮ್ಯಾನೇಜರರು ರಿಟೈರಾಗುವಾಗ ಮಾರಿದ್ದು.
ಕಾಲಡಿಯ ಮ್ಯಾಟು ಎತ್ತಿದರೆ ಈಗಲೂ
ಒಂದೆರಡು ಕಾಫಿಬೀಜ ಸಿಗುತ್ತವೆ,
ಯಾರ ಲೆಕ್ಕಕ್ಕೂ ಸೇರದವು.

"ಗುಜರಿಗೆ ಹಾಕು" ಅನ್ನುತ್ತಾರೆ ಕ್ವಾರ್ಟರ್ಸಿನವರು.
ಇನಾಯತ್ ಅನ್ನುವುದಿಲ್ಲ. ಬಾನೆಟ್ಟಿಗೆ ಕಿವಿಯಿಟ್ಟು
"ಉಸಿರು ಸರಿಯಿದೆ ಮೇಡಂ, ಹಲ್ಲು ಮಾತ್ರ ಹೋಗಿವೆ" ಅನ್ನುತ್ತಾನೆ.
ಅವನಿಗೆ ಜಪಾನಿ ಬರುವುದಿಲ್ಲ.
ಆದರೆ ಎರಕದ ಮೇಲೆ ಎದ್ದುನಿಂತ ಆ ಅಕ್ಷರಗಳನ್ನು
ಹೆಬ್ಬೆರಳಲ್ಲಿ ಸವರಿ ಹೇಳಬಲ್ಲ,
ಯಾವುದು ಅಸಲಿ,
ಯಾವುದು ದೆಹಲಿಯಲ್ಲಿ ಮಾಡಿದ ಅಸಲಿ.

ಹಾರನ್ನಿಗೆ ಸ್ಕೂಟರಿನದು ಒಗ್ಗಿತು.
ರೇಡಿಯೇಟರಿಗೆ ಹಾಲಿನ ಟ್ಯಾಂಕರಿನ ಹಳೇ ಪೈಪು.
ಡೈರಿಯಲ್ಲಿ ಹೇಳಬೇಡಿ.
ಮೂಡಿಗೆರೆಯ ರ್‍ಯಾಲಿ ಹುಡುಗನೊಬ್ಬ
ತನ್ನದನ್ನು ಮೂರು ಸಲ ಉರುಳಿಸಿ
ಬಾಗಿಲು, ಕನ್ನಡಿ, ವೈಪರು ಧಾರಾಳವಾಗಿ ಕೊಟ್ಟ,
ಗಾಜು ಕೇಳಿದರೆ ನಕ್ಕ.

ಎಡಗಡೆಯ ಹಿಂದಿನ ದೀಪ ಮಾತ್ರ,
ಬಿ.ಎಂ. ರೋಡಿನಲ್ಲಿ ಟ್ರ್ಯಾಕ್ಟರು ಗುದ್ದಿ ಪುಡಿ ಮಾಡಿದ್ದು,
ಎಲ್ಲೂ ಸಿಗಲಿಲ್ಲ.
ಎರಡು ವರ್ಷ. ಜೆ.ಸಿ. ರೋಡು, ಕೊಯಮತ್ತೂರು, ಫೋನಿನಲ್ಲಿ ಮುಂಬೈ.
ಎಲ್ಲರ ಹತ್ತಿರವೂ ಬಲಗಡೆಯದೇ ಇತ್ತು.
ಈ ದೇಶದಲ್ಲಿ ಎಲ್ಲರೂ ಎಡಕ್ಕೇ ಗುದ್ದಿಸಿಕೊಳ್ಳುತ್ತಾರೆ ಅಂತ ಕಾಣುತ್ತದೆ.
ಅಲ್ಲಿಯವರೆಗೆ ಬಲ್ಬಿನ ಮೇಲೆ
ನಾಟಕದವರ ಕೆಂಪು ಜೆಲಟಿನ್ ಕಾಗದ.
ಬಾಣಾವರದ ಪೊಲೀಸಪ್ಪ ಟಾರ್ಚು ಬಿಟ್ಟು ನೋಡಿ
ದಂಡ ಹಾಕುವುದನ್ನೇ ಮರೆತ.

ಕಡೂರಲ್ಲಿ ಒಂದಿದೆ ಅಂದರು ಯಾರೋ.
ಹೋದೆ. ಹಳಿಯಾಚೆ ತಗಡಿನ ಶೆಡ್ಡು.
ಇಟ್ಟಿಗೆಯ ಮೇಲೆ ನಿಂತಿತ್ತು ನನ್ನದೇ ಗಾಡಿ, ಬಣ್ಣ ಬೇರೆ.
ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.
ಎಡಗಡೆಯ ಕೆಂಪು, ಒಂದು ಗೀರೂ ಇಲ್ಲದೆ.
ನನ್ನ ಬಾಯಲ್ಲಿ ನೀರೂರಿತು. ನಾಚಿಕೆಯಾಯಿತು.

ಓಂಕಾರಪ್ಪನವರು ಗೂಡ್ಸ್ ಗಾರ್ಡಾಗಿದ್ದವರು.
"ಕೊಡಲ್ಲ ಕಣಮ್ಮ" ಅಂದರು, ಎಳನೀರು ಕೊಡುತ್ತಾ.
"ಕೊನೇ ಡಬ್ಬಿಗೆ ಕೆಂಪು ದೀಪ ಕಾಣದಿದ್ರೆ
ರೈಲು ಪೂರ್ತಿ ಬಂತು ಅಂತ ಸ್ಟೇಷನ್ನಿನವರು ಒಪ್ಪಲ್ಲ.
ಮೂವತ್ತೊಂದು ವರ್ಷ ಆ ದೀಪದ ಪಕ್ಕಾನೇ ಕೂತಿದ್ದೆ."
ಆಮೇಲೆ ಎಳನೀರಿನ ಬುರುಡೆ ನೋಡುತ್ತಾ,
ಸುಮ್ಮನೆ ಕೇಳಿದವರಂತೆ:
"ನಿಮ್ಮತ್ರ ಡಿಸ್ಟ್ರಿಬ್ಯೂಟರ್ ಕ್ಯಾಪು ಇನ್ನೊಂದು ಇದೆಯಾ?
ಅದೊಂದಾದ್ರೆ ಇದು ಎದ್ದುಬಿಡುತ್ತೆ."

ಇತ್ತು. ಬೀರುವಿನಲ್ಲಿ, ಮದುವೆ ಸೀರೆಯ ಕೆಳಗೆ,
ಹಳೇ ಬನಿಯನ್ನಿನಲ್ಲಿ ಸುತ್ತಿ.
"ಇಲ್ಲ" ಅಂದೆ.
ಕೋಳಿ ನನ್ನನ್ನೇ ನೋಡುತ್ತಿತ್ತು.

ಈಗ ತಿಂಗಳಿಗೊಮ್ಮೆ ಫೋನು.
"ಗಾಡಿ ಹೇಗಿದೆ?" ಅನ್ನುತ್ತಾರೆ,
ಆಸ್ಪತ್ರೆಯಲ್ಲಿ ಮಲಗಿದವರನ್ನು ವಿಚಾರಿಸುವ ದನಿಯಲ್ಲಿ.
"ಓಡ್ತಿದೆ. ನಿಮ್ಮದು?"
"ಇನ್ನೇನು, ಎದ್ದೇಬಿಡುತ್ತೆ."
ಆಮೇಲೆ ಇಬ್ಬರ ಕಡೆಯೂ ಸ್ವಲ್ಪ ಹೊತ್ತು ಬರೀ ಗಾಳಿ.
ಒಂದು ಸತ್ತರೆ ಒಂದು ಪೂರ್ತಿಯಾಗುತ್ತದೆ.
ಸಾಯಲಿ ಅನ್ನುವಷ್ಟು ಕೆಟ್ಟವರಲ್ಲ ನಾವು.
ಹೇಗಿದೆ ಅಂತ ಕೇಳದೇ ಇರುವಷ್ಟು ಒಳ್ಳೆಯವರೂ ಅಲ್ಲ.

ಮೊನ್ನೆ ಅವರು ಹೊಸದೊಂದು ಹೇಳಿದರು.
ಮರಿಗಳಾದವಂತೆ, ಹನ್ನೊಂದು.
ಎಲ್ಲವೂ ಒಳಗೆ ಬಂದವೋ ಇಲ್ಲವೋ ಅಂತ
ಸಂಜೆ ಟಾರ್ಚು ಹಿಡಿದು ಸೀಟಿನಡಿ ಎಣಿಸುತ್ತಾರಂತೆ.

ಫೋನಿಟ್ಟು ಬೀರು ತೆರೆದೆ.
ಬನಿಯನ್ ಬಿಚ್ಚಿ, ಕ್ಯಾಪು ಒರೆಸಿ,
ಮತ್ತೆ ಸುತ್ತಿದೆ.
ಈ ಸಲ ಸೀರೆಯ ಮೇಲಿಟ್ಟೆ.