ಕೂಗ್ತದೆ, ಹೋಗುವುದಿಲ್ಲ

"ಕೂಗ್ತದೆ ವಾರಿಜಕ್ಕ, ಹೋಗುವುದಿಲ್ಲ."
ಐತಪ್ಪಣ್ಣ ಹೇಳಿದ್ದು ಇಷ್ಟೇ.
ಬೋವಿಕ್ಕಾನದ ಏರಿನಲ್ಲಿ ಹಿಡಿ ಪೂರ್ತಿ ತಿರುವಿದರೂ
ಎಂಜಿನ್ನಿನ ಗಂಟಲು ಮಾತ್ರ ಏರುತ್ತದೆ,
ಮುಳ್ಳು ಮೂವತ್ತರಲ್ಲೇ ಕೂತಿರುತ್ತದೆ,
ಹಿಂದಿನಿಂದ ಬಂದ ಮೀನಿನ ಗಾಡಿ ಕೂಡ
ಹಾರನ್ ಹೊಡೆದು ಮುಂದೆ ಹೋಯಿತಂತೆ.

ಬಲಗಾಲನ್ನು ಸಣ್ಣದರಲ್ಲೇ ಪೋಲಿಯೋಗೆ ಕೊಟ್ಟವರು.
ಹಿಂದಿನ ಚಕ್ರದ ಆಚೆ ಈಚೆ ಇನ್ನೆರಡು ಚಕ್ರ,
ಮುಂದೆ ಲಾಟರಿಯ ಹಲಗೆ, ಕ್ಲಿಪ್ಪು ಕಚ್ಚಿದ
ಗುಲಾಬಿ, ಹಳದಿ, ತಿಳಿಹಸಿರು ಕಾಗದ.
ಸ್ಕೂಟರ್ ಮಾಡಿದವರು ಈ ಭಾರ ಎಣಿಸಿರಲಿಲ್ಲ
ಅಂದುಕೊಳ್ಳುತ್ತಲೇ ಎಡಬದಿಯ ಮುಚ್ಚಳ ಬಿಚ್ಚಿದೆ.

ಒಳಗೆ ಕಪ್ಪು ಪುಡಿ. ಕಾಡಿಗೆಯಷ್ಟು ನಯ.
ಸುಟ್ಟ ರಬ್ಬರಿನ ನಾತ.
ಬೆಲ್ಟಿನ ಪಕ್ಕೆಗಳು ಮಿಣಮಿಣ ಹೊಳೆಯುತ್ತಿದ್ದವು
ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿಯ ಹಾಗೆ.
ಹೊಸದಿದ್ದಾಗ ಹದಿನೆಂಟೂವರೆ ಮಿಲ್ಲಿ,
ವರ್ನಿಯರಿನ ಬಾಯಿಗೆ ಕೊಟ್ಟರೆ ಈಗ ಹದಿನೇಳೂ ಇಲ್ಲ.
ಹಿಂದಕ್ಕೆ ಮಡಚಿದೆ: ಹಲ್ಲುಗಳ ಬುಡದಲ್ಲಿ ಕೂದಲೆಳೆಯ ಬಿರುಕು.
ಆರು ರೋಲರಿನಲ್ಲಿ ನಾಲ್ಕು ಒಂದು ಕಡೆ ಚಪ್ಪಟೆ.
"ಕಳ್ಳ ಸಿಕ್ಕಿದ," ಅಂದೆ. ಜೋರಾಗಿಯೇ ಅಂದೆ,
ಪಕ್ಕದ ಹೋಟೆಲಿಗೂ ಕೇಳುವ ಹಾಗೆ.

ಹೊಸ ಬೆಲ್ಟು, ಹೊಸ ರೋಲರು.
ಹತ್ತರ ನೋಟುಗಳನ್ನೇ ಎಣಿಸಿ ಕೊಟ್ಟು ಹೋದರು.

ಇಪ್ಪತ್ತಮೂರನೇ ದಿನ ಮತ್ತೆ ಬಂದರು.
ಅದೇ ಮಾತು. ಈ ಸಲ ನನ್ನ ಮುಖ ನೋಡದೆ.

ನಾನು ಜಾರುತ್ತದೆ ಅಂದೆ.
ಅಂಗಡಿಯ ಹುಡುಗ ಸಿನಾನ್ ವಳುಕ್ಕುನ್ನುಂಡ್ ಅಂದ.
ಐತಪ್ಪಣ್ಣ ತುಳುವಿನಲ್ಲಿ ಏನೋ ಬೈದರು, ಬೆಲ್ಟಿಗೋ ನನಗೋ.
ಎಂತಕ್ಕೆ ಎಂದು ಮಾತ್ರ
ಮುಳ್ಳೇರಿಯಾದ ಯಾವ ಭಾಷೆಗೂ ಗೊತ್ತಿರಲಿಲ್ಲ.

ಕ್ಲಚ್ಚಿನ ಬಟ್ಟಲು ನೀಲಿಗಟ್ಟಿಲ್ಲ,
ಹೊರಡುವಾಗ ನಡುಕ ಇಲ್ಲ, ಹಾಗಾಗಿ ಅದಲ್ಲ.
ಬೆಲ್ಟು ಅಳೆದೆ. ಹದಿನೆಂಟೂವರೆಗೆ ಒಂದು ಎಳೆ ಕಡಿಮೆ.
ಅಳತೆ ಸರಿ ಇದ್ದೂ ಸೋಲುವುದೆಂದರೆ!
ಮುಂದಿನ ಪುಲ್ಲಿಯ ಮುಖದ ಮೇಲೆ ನಡುವಿನಿಂದ ಅಂಚಿಗೆ
ಮಾರ್ಕರಿನಲ್ಲಿ ಒಂದು ಗೆರೆ ಎಳೆಯುವುದು ನನ್ನ ರೂಢಿ:
ಓಡಿಸಿ ತಂದಾಗ ಬೆಲ್ಟು ಹತ್ತಿದಷ್ಟು ದೂರ ಗೆರೆ ಅಳಿದಿರುತ್ತದೆ,
ಎಲ್ಲಿ ನಿಂತಿತೋ ಅಲ್ಲಿ ಶಾಯಿ ಉಳಿದಿರುತ್ತದೆ.

ಎಳೆಯಲು ಹೋದೆ. ಶಾಯಿ ಹಿಡಿಯಲಿಲ್ಲ.
ಬೆರಳು ಒತ್ತಿದೆ. ಬೆರಳಿನ ತುದಿ ಜಿಡ್ಡು.

ಪುಲ್ಲಿ ಪೂರ್ತಿ ಎಳೆದು ತೆಗೆದೆವು. ಅದರ ಬೆನ್ನಿಗೆ,
ಕ್ರ್ಯಾಂಕಿನ ಕೊರಳಲ್ಲಿ, ಗಟ್ಟಿಯಾಗಿ ಹೋದ ಒಂದು ಸೀಲು.
ಅದರ ತುಟಿಯಿಂದ ಎಣ್ಣೆ ಬೆವರಿನಷ್ಟು, ತೊಟ್ಟಿಗೂ ಕಡಿಮೆ,
ಎಂಜಿನ್ ಬಿಸಿಯಾದಾಗ ಮಾತ್ರ.
ಅರುವತ್ತು ರೂಪಾಯಿಯ ಸಾಮಾನು.

ಮೊದಲ ದಿನವೇ ಆ ಮೂಲೆಯಲ್ಲಿ ಪುಡಿ ಉಂಡೆ ಕಟ್ಟಿತ್ತು.
ಒಣಪುಡಿ ಉಂಡೆ ಕಟ್ಟುವುದಿಲ್ಲ.
ಕಂಡಿದ್ದೆ. ಪೆಟ್ರೋಲು ಬಟ್ಟೆಯಲ್ಲಿ
ಚಂದ ಮಾಡಿ ಒರೆಸಿದ್ದೂ ನಾನೇ.

ಎಣ್ಣೆ ಕುಡಿದ ಬೆಲ್ಟನ್ನು ಮೊಳೆಗೆ ತೂಗಿಹಾಕಿದೆ,
ಇನ್ನೊಂದು ಹೊಸದು ತಂದು ಹಾಕಿದೆ, ದುಡ್ಡು ಕೇಳಲಿಲ್ಲ.
"ಹಾಗೆಲ್ಲ ಬೇಡ ಮಾರಾಯ್ತಿ," ಎಂದು
ಐತಪ್ಪಣ್ಣ ಹಲಗೆಯಿಂದ ಒಂದು ಟಿಕೇಟು ಕಿತ್ತರು.
ಮೂರು ಗಂಟೆಗೆ ಡ್ರಾ. ಬರಲಿಲ್ಲ ಬಿಡಿ,
ಕೊನೆಯ ಎರಡಂಕಿಯೂ ಹತ್ತಿರ ಸುಳಿಯಲಿಲ್ಲ.

ಸಿನಾನ್ ಅವರನ್ನು ಹಿಂದೆ ಕೂರಿಸಿಕೊಂಡು
ಬೋವಿಕ್ಕಾನದ ಏರು ಹತ್ತಿಸಿ ತಂದ. ಐವತ್ತೆರಡು, ಅಂದ.
ಮತ್ತೆ ಬಿಚ್ಚಿಸಿದೆ, ಅವನು ಗೊಣಗಿದರೂ.
ಗೆರೆ ನಡುವಿನಿಂದ ಹೊರಟು
ಅಂಚಿನ ತನಕ ಅಳಿದುಹೋಗಿತ್ತು.
ಉಳಿದದ್ದು ತುದಿಯಲ್ಲಿ ಅರ್ಧ ಅಕ್ಕಿಕಾಳಿನಷ್ಟು ನೀಲಿ.
ಅದನ್ನು ಒರೆಸಬೇಡ ಅಂದೆ.